‘ನೀ ಮೊದ್ಲ ಹೋಗಿದ್ರ ಅಪ್ಪಂದು ಹ್ಯಾಂಗ?’ ಅಂತ ಅವ್ವನ್ನ ಕೇಳಿದೆ

ಇವತ್ತಿನ ಮಾತು ಸ್ವಲ್ಪ ಭಾರದ್ದು. ಬಸ್ಸಿನಲ್ಲಿ ಕೂತು ಕೇಳ್ತಿದ್ರೆ ಮನೆಗೆ ಹೋದ ಮೇಲೆ ಕೇಳಿ, ಅವಸರ ಏನಿಲ್ಲ.

ನಮ್ಮೂರು ಅಫಜಲಪುರ ತಾಲೂಕಿನ ಅತನೂರ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ನಾನು ಬೆಂಗಳೂರಿನಿಂದ ಊರು ಮುಟ್ಟುವಷ್ಟರಲ್ಲಿ ರಾತ್ರಿಯ ಭಜನೆ ಮುಗಿದಿತ್ತು. ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅವ್ವ ಹಾಡ್ಯಾಡಿಕೊಂಡು ಅಳುತ್ತಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳು ಅಳೋದೇ ಹಾಗೆ. ಸತ್ತವರ ಜೊತೆ ಮಾತಾಡ್ತಾ, ಅವರು ಮಾಡಿದ್ದು ಬಿಟ್ಟಿದ್ದು ಎಲ್ಲಾ ರಾಗ ಎಳೆದು ಹೇಳ್ತಾರೆ. ಅದರಲ್ಲಿ ಜಗಳವೂ ಇರುತ್ತೆ. “ಎತ್ತಿಗಿ ನೀರ ಕುಡಿಸಿ ಬಂದ್ರಿ, ನನಗೊಂದು ಮಾತ ಹೇಳಲಾರ್ದ ಹೋದ್ರ್ಯಲ್ಲಾ” ಅಂತಿದ್ದಳು.

ನನಗೆ ಮಾತ್ರ ಅಳು ಬರಲಿಲ್ಲ. ಮಣ್ಣಿಗೆ ಬಂದವರು, ಆಮೇಲೆ ಬುತ್ತಿ ಕಟ್ಟಿಕೊಂಡು ಮಾತಾಡಿಸಲು ಬಂದವರು, ಎಲ್ಲರದ್ದೂ ಒಂದೇ ಮಾತು: ಹಣೆಬರಹ. ಸಿಟ್ಟು ಬರ್ತಿತ್ತು. ಒಂಬತ್ತನೇ ದಿನಕ್ಕೆ ಬೆಂಗಳೂರಿಗೆ ವಾಪಸ್ ಬಂದೆ, ಬಂದು ಪುಸ್ತಕ ಹಿಡಿದೆ.

ವಿಕ್ಟರ್ ಫ್ರಾಂಕಲ್ ಹೆಸರು ನೀವು ರೀಲ್ಸ್‌ನಲ್ಲಾದರೂ ಕೇಳಿರ್ತೀರಿ. ವಿಯೆನ್ನಾದ ಮನೋವೈದ್ಯ, ಯಹೂದಿ. 1942ರಲ್ಲಿ ನಾಜಿಗಳು ಅವರನ್ನು ಕುಟುಂಬದ ಸಮೇತ ಹಿಡಿದೊಯ್ದರು. ಅಪ್ಪ, ಅಮ್ಮ, ಹೆಂಡತಿ, ಮೂವರನ್ನೂ ಶಿಬಿರಗಳಲ್ಲಿ ಕಳೆದುಕೊಂಡರು. ಬದುಕಿ ಬಂದು 1946ರಲ್ಲಿ ಪುಸ್ತಕ ಪ್ರಕಟಿಸಿದರು. ತಪ್ಪಿಸಲಾಗದ ನೋವು ಬಂದಾಗಲೂ ಅದನ್ನು ಹೇಗೆ ಎದುರಿಸ್ತೀವಿ ಅನ್ನೋ ಆಯ್ಕೆ ನಮ್ಮ ಕೈಯಲ್ಲಿರುತ್ತೆ, ಅಲ್ಲೂ ಅರ್ಥ ಸಿಗಬಹುದು ಅನ್ನೋದು ಅವರ ವಾದ.

ಅವರು ಹೇಳೋ ಒಂದು ಪ್ರಸಂಗ ಇದೆ. ಹೆಂಡತಿಯನ್ನು ಕಳೆದುಕೊಂಡ ಒಬ್ಬ ವಯಸ್ಸಾದ ಡಾಕ್ಟರು ಎರಡು ವರ್ಷವಾದರೂ ಸಂಕಟದಿಂದ ಹೊರಬಂದಿರಲಿಲ್ಲ. ನೀವೇ ಮೊದಲು ಸತ್ತಿದ್ದರೆ ಏನಾಗ್ತಿತ್ತು ಅಂತ ಫ್ರಾಂಕಲ್ ಕೇಳಿದರು. ಅವಳು ತುಂಬಾ ನರಳ್ತಿದ್ದಳು ಅಂದರು ಡಾಕ್ಟರು. ಆ ನರಳಾಟ ನೀವು ಅವರಿಗೆ ತಪ್ಪಿಸಿದಿರಿ, ಅದಕ್ಕೆ ಈಗ ನೀವು ಅಳಬೇಕಾಗಿದೆ ಅಂದರು ಇವರು. ಡಾಕ್ಟರು ಕೈ ಕುಲುಕಿ ಸುಮ್ಮನೆ ಎದ್ದು ಹೋದರಂತೆ.

ಓದಿ ನನಗೆ ಔಷಧ ಸಿಕ್ಕಂಗಾಯ್ತು. ತಕ್ಷಣ ಅವ್ವನಿಗೆ ಫೋನ್ ಹಚ್ಚಿ ಅದನ್ನೇ ಕೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಏನಾಗ್ತಿತ್ತ ಯವ್ವಾ? ಅವರು ಇರ್ತಿದ್ರು. ನಾ ಹೋಗಬೇಕಾಗಿತ್ತು. ಅವರಿಗಿ ರೊಟ್ಟಿ ಬಡಿಲಾಕ ಬರ್ತಿದ್ದಿಲ್ಲ, ಅಷ್ಟೇ.”

ನನ್ನ ಬುದ್ಧಿವಂತಿಕೆ ಅಲ್ಲಿಗೇ ಮುಗೀತು. ಹಣೆಬರಹ ಅಂದವರಿಗೂ ನನಗೂ ಏನು ವ್ಯತ್ಯಾಸ? ಅವರು ಹಳೇ ಉತ್ತರ ಕೊಟ್ಟರು, ನಾನು ವಿಯೆನ್ನಾದ್ದು ಕೊಟ್ಟೆ. ಆ ಡಾಕ್ಟರು ತಾವಾಗಿ ಫ್ರಾಂಕಲ್ ಹತ್ತಿರ ಹೋಗಿದ್ದರು. ಅವ್ವ ನನ್ನನ್ನು ಏನೂ ಕೇಳಿರಲಿಲ್ಲ.

ಅರ್ವಿನ್ ಯಾಲೊಮ್ ಅಂತ ಅಮೆರಿಕದ ಇನ್ನೊಬ್ಬ ಮನೋವೈದ್ಯ ಇದ್ದಾರೆ. ಅರ್ಥವನ್ನೇ ಬೆನ್ನು ಹತ್ತಿದರೆ ಸಿಗೋದಿಲ್ಲ, ಯಾವುದರಲ್ಲಾದರೂ ಮನಸ್ಸಿಟ್ಟು ತೊಡಗಿದರೆ ಅದು ಪಕ್ಕದಿಂದ ಬರುತ್ತೆ ಅಂತಾರೆ. ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಜೂನ್‌ನಲ್ಲಿ.

ಮಳೆ ಬಿತ್ತು. ಹೊಲ ಪಾಲಿಗೆ ಕೊಡೋಣ ಅಂತ ದೊಡ್ಡಪ್ಪ ಅಂದರು, ನಾನೂ ಹೂಂ ಅಂದೆ. ಅವ್ವ ಒಪ್ಪಲಿಲ್ಲ. “ತೊಗರಿ ಬೀಜ ಅವರು ತೆಗೆದಿಟ್ಟಾರ. ಬಿತ್ತಲಿಲ್ಲಂದ್ರ ಹುಳ ಬೀಳ್ತಾವ.” ಇಷ್ಟೇ ಅವಳ ಕಾರಣ. ಇದರಲ್ಲಿ ನಾನು ತತ್ವ ಹುಡುಕೋಕೆ ಹೋಗಲ್ಲ, ಒಂದು ಸಲ ಬುದ್ಧಿ ಬಂದಿದೆ.

ಒಂದು ಮಾತು ಹೇಳಿಬಿಡ್ತೀನಿ. ಎಲ್ಲರ ದುಃಖವೂ ಕೆಲಸದಲ್ಲಿ ಕರಗಲ್ಲ. ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಬದುಕೇ ಬೇಡ ಅನಿಸ್ತಿದೆ ಅಂದ್ರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಬಿತ್ತೋ ದಿನ ರಜೆ ಹಾಕಿ ಹೋಗಿದ್ದೆ. ಅಪ್ಪ ಗಂಟು ಹಾಕಿಟ್ಟಿದ್ದ ಚೀಲ ಬಿಚ್ಚಿ, ಉಡಿಯಲ್ಲಿ ಕಾಳು ಹಾಕಿಕೊಂಡು ಕೂರಿಗೆ ಹಿಂದೆ ನಡೆದೆ. ಆ ಗಂಟು ಬಿಚ್ಚೋಕೆ ಎಷ್ಟು ಹೊತ್ತು ಹಿಡೀತು ಅಂತೀರಿ! ಅರ್ಧ ಸಾಲಿಗೆ ಬರೋದರಲ್ಲಿ ಅಳು ಒತ್ತಿ ಬಂತು. ಮೇ ತಿಂಗಳಿಂದ ಬರದೇ ಇದ್ದದ್ದು. ನಿಂತುಬಿಟ್ಟೆ. ಪಕ್ಕದ ಸಾಲಿನಿಂದ ಅವ್ವ ನೋಡಿದಳು. ಸಮಾಧಾನ ಮಾಡಲಿಲ್ಲ, ಸುಮ್ಮನಿರು ಅಂತಲೂ ಅನಲಿಲ್ಲ.

“ಅಳಕೋತೇ ನಡಿ ಯವ್ವಾ, ಸಾಲ ಬಿಟ್ಟಿ ನೋಡು” ಅಂದಳು.