ಕಾಸಿಲ್ಲದ ವಿಮಾನ, ಗುರುವಿಲ್ಲದ ಹಾರಾಟ



ಗಣಕಯಂತ್ರದ ಮುಂದೆ ಕುಳಿತು ವಿಮಾನ ಹಾರಿಸುವ ಆಟವನ್ನು ನಿಮ್ಮಲ್ಲಿ ಕೆಲವರಾದರೂ ಆಡಿ ನೋಡಿರಬಹುದು. ಇಂಥ ಆಟಗಳಿಗೆ ‘ಫ್ಲೈಟ್ ಸಿಮ್ಯುಲೇಟರ್’ ಎಂದು ಹೆಸರು. ಇವುಗಳಲ್ಲಿ ಕೆಲವು ಕಾಸಿಲ್ಲದೆ ಸಿಗುತ್ತವೆ. ಅವುಗಳ ಪೈಕಿ ಹೆಸರುವಾಸಿಯಾದದ್ದು ‘ಫ್ಲೈಟ್‌ಗೇರ್’. 1996ರಲ್ಲಿ ಇದರ ಯೋಚನೆ ಹುಟ್ಟಿತು. 1997ರಲ್ಲಿ ಮೊದಲ ಆವೃತ್ತಿ ಹೊರಬಂತು. ಹಲವು ದೇಶಗಳ ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಇದನ್ನು ಕಟ್ಟುತ್ತ ಬಂದಿದ್ದಾರೆ. ಯಾರು ಬೇಕಾದರೂ ಇದನ್ನು ಪಡೆಯಬಹುದು, ಹಂಚಬಹುದು, ತಿದ್ದಲೂಬಹುದು.

ಹೀಗಿದ್ದೂ ಇದನ್ನು ಉತ್ಸಾಹದಿಂದ ತಂದುಕೊಂಡವರಲ್ಲಿ ಅನೇಕರು ಮೊದಲ ದಿನವೇ ಕೈಬಿಡುತ್ತಾರೆ. ಯಾಕೆ?

ಯಡ್ರಾಮಿಯ ಹುಡುಗನೊಬ್ಬ ಇದನ್ನು ಆಡಲು ಕುಳಿತ ಎಂದಿಟ್ಟುಕೊಳ್ಳಿ. ಗಿಗಾಬೈಟುಗಳ ಲೆಕ್ಕದ ಈ ಕಡತವನ್ನು ಅಂತರಜಾಲದಿಂದ ಇಳಿಸಿಕೊಳ್ಳುವುದರಲ್ಲೇ ಅವನ ಅರ್ಧ ದಿನ ಕಳೆಯುತ್ತದೆ. ಕೊನೆಗೆ ಪರದೆಯ ಮೇಲೆ ಸೆಸ್ನಾ 172 ಎಂಬ ಪುಟ್ಟ ವಿಮಾನ ಕಾಣುತ್ತದೆ. ಆದರೆ ಎಂಜಿನ್ ಶುರುವಾಗುವುದಿಲ್ಲ. ನಿಜವಾದ ವಿಮಾನದಲ್ಲಿ ಇಂಧನ, ವಿದ್ಯುತ್ತು, ಕಿಡಿ ಎಲ್ಲವನ್ನೂ ಕ್ರಮವಾಗಿ ಸಿದ್ಧಪಡಿಸಬೇಕಲ್ಲವೆ? ಇಲ್ಲಿಯೂ ಹಾಗೆಯೇ.

ಹೇಗೋ ಎಂಜಿನ್ ಹೊತ್ತಿತು, ವಿಮಾನ ಓಡತೊಡಗಿತು. ಆಗ ಅದು ತಾನಾಗಿ ಎಡಕ್ಕೆ ಎಳೆದು ಹುಲ್ಲಿಗೆ ಇಳಿಯುತ್ತದೆ. ಇದು ಆಟದ ದೋಷವಲ್ಲ. ಒಂದೇ ಎಂಜಿನ್ನಿನ ವಿಮಾನದಲ್ಲಿ ಪ್ರೊಪೆಲರ್ ತಿರುಗುವಾಗ ಹಿಂದಕ್ಕೆ ತಳ್ಳುವ ಗಾಳಿ ಸುರುಳಿಯಾಗಿ ಬಂದು ಬಾಲಕ್ಕೆ ಬಡಿಯುತ್ತದೆ. ಮೂತಿ ಎಡಕ್ಕೆ ಹೊರಳುತ್ತದೆ. ಪೈಲಟ್ ಬಲಗಾಲಿನ ಪೆಡಲ್ ಒತ್ತಿ ಅದನ್ನು ಸರಿದೂಗಿಸುತ್ತಾನೆ. ಹುಡುಗನ ಬಳಿ ಪೆಡಲ್ ಎಲ್ಲಿದೆ? ಇರುವುದು ಕೀಲಿಮಣೆ ಮಾತ್ರ.

ಗಂಟೆಗೆ ಸುಮಾರು ನೂರು ಕಿಲೋಮೀಟರ್ ವೇಗ ಬಂದಾಗ ಮೇಲೇರಲೆಂದು ಅವನು ಮೇಲ್ಮುಖದ ಬಾಣವನ್ನು ಒತ್ತುತ್ತಾನೆ. ವಿಮಾನ ಮೂತಿ ತಗ್ಗಿಸುತ್ತದೆ! ಪೈಲಟ್ ಹಿಡಿಕೆಯನ್ನು ಮುಂದಕ್ಕೆ ತಳ್ಳಿದರೆ ಮೂತಿ ಇಳಿಯಬೇಕು, ಹಿಂದಕ್ಕೆ ಎಳೆದರೆ ಏರಬೇಕು. ಮೇಲಿನ ಬಾಣ ಎಂದರೆ ಹಿಡಿಕೆಯನ್ನು ಮುಂದಕ್ಕೆ ತಳ್ಳಿದಂತೆ. ಇದು ತಿಳಿದ ಮೇಲೆ ಅವನು ಕೆಳಗಿನ ಬಾಣವನ್ನು ಒತ್ತುತ್ತಲೇ ಇರುತ್ತಾನೆ. ಮೂತಿ ಅತಿಯಾಗಿ ಮೇಲೆದ್ದಾಗ ರೆಕ್ಕೆಯ ಮೇಲೆ ನಯವಾಗಿ ಹರಿಯುತ್ತಿದ್ದ ಗಾಳಿ ಚದರುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದಕ್ಕೆ ‘ಸ್ಟಾಲ್’ ಎನ್ನುತ್ತಾರೆ. ಬೀಳುತ್ತಿರುವ ವಿಮಾನದ ಮೂತಿಯನ್ನು ಮತ್ತೂ ಎತ್ತಬೇಕೆಂದು ಮನಸ್ಸು ಹೇಳುತ್ತದೆ. ಬದುಕುವ ದಾರಿ ಮಾತ್ರ ತದ್ವಿರುದ್ಧ: ಮೂತಿಯನ್ನು ತಗ್ಗಿಸಿ ವೇಗ ಗಳಿಸಬೇಕು.

ಇನ್ನೊಂದು ಸೋಜಿಗವುಂಟು. ಆ ಹುಡುಗ ತನ್ನ ಊರಿನ ಮೇಲೆ ಹಾರಬೇಕೆಂದು ಬಯಸಿದರೆ, ಭೀಮಾ ನದಿಯಾಗಲಿ, ತೊಗರಿ ಬೆಳೆಯುವ ಎರೆ ಹೊಲಗಳಾಗಲಿ ಕಾಣದೆ ಕಣ್ಣಿಗೆಟುಕುವಷ್ಟು ದೂರವೂ ಕಡಲು ಕಂಡೀತು. ಯಾವ ಪ್ರದೇಶದ ನೆಲದ ಚಿತ್ರ ಗಣಕಯಂತ್ರಕ್ಕೆ ಇನ್ನೂ ಬಂದಿಲ್ಲವೋ ಅಲ್ಲಿ ಫ್ಲೈಟ್‌ಗೇರ್ ನೀರನ್ನು ತೋರಿಸುತ್ತದೆ. ಅಂತರಜಾಲ ಮಂದವಾಗಿದ್ದರೆ ಬಯಲು ಸೀಮೆಯೂ ಸಮುದ್ರವೇ.

ಇಷ್ಟಾದ ಮೇಲೆ ಹುಡುಗ ಏನೆಂದುಕೊಳ್ಳುತ್ತಾನೆ? ‘ಇದು ನಮ್ಮಂಥವರಿಗಲ್ಲ’ ಎಂದು. ಅರ್ಧ ಗಂಟೆಯ ಸೋಲಿನಿಂದ ಇಂಥ ತೀರ್ಮಾನಕ್ಕೆ ಬರುವುದು ಸರಿಯೆ? ಇದಕ್ಕೆ ಉತ್ತರ ಈ ಯಂತ್ರದ ಹುಟ್ಟಿನಲ್ಲೇ ಇದೆ.

ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬ ತರುಣನಿದ್ದ. ಅವನ ತಂದೆಯದು ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆ. ವಾದ್ಯದ ತಿದಿಗಳನ್ನೇ ಬಳಸಿ ಅವನು 1929ರ ಹೊತ್ತಿಗೆ ನೆಲದ ಮೇಲೆಯೇ ಓಲಾಡುವ ಪುಟ್ಟ ವಿಮಾನವೊಂದನ್ನು ಸಿದ್ಧಪಡಿಸಿದ. ಆದರೆ ಅದನ್ನು ಗಂಭೀರವಾಗಿ ಎಣಿಸಿದವರು ಕಡಿಮೆ. ಮೊದಮೊದಲು ಕೊಂಡವರು ಹೆಚ್ಚಾಗಿ ಮನರಂಜನೆಯ ಉದ್ಯಾನಗಳವರು. 1934ರಲ್ಲಿ ಅಮೆರಿಕದ ಸೇನೆಯ ವಿಮಾನದಳ ಅಂಚೆ ಸಾಗಿಸುವ ಹೊಣೆ ಹೊತ್ತಿತು. ಕೆಟ್ಟ ಹವೆಯಲ್ಲಿ ಹಾರಿ ಅದರ ಪೈಲಟರು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಆಗ ಸೇನೆ ಲಿಂಕ್‌ನಿಂದ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಯಂತ್ರಗಳು ಬಳಕೆಗೆ ಬಂದವು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಲಿಂಕ್ ಯಂತ್ರದೊಳಗೆ ಕುಳಿತ ವಿದ್ಯಾರ್ಥಿ ಒಂಟಿಯಲ್ಲ. ಪಕ್ಕದ ಮೇಜಿನಲ್ಲಿ ಶಿಕ್ಷಕನಿರುತ್ತಿದ್ದ. ವಿದ್ಯಾರ್ಥಿಯ ಹಾದಿಯನ್ನು ಲೇಖನಿಯೊಂದು ನಕ್ಷೆಯ ಮೇಲೆ ಬರೆಯುತ್ತಿತ್ತು. ಶಿಕ್ಷಕ ಅದನ್ನು ನೋಡುತ್ತ ಕಿವಿಯಂತ್ರದ ಮೂಲಕ ತಿದ್ದುತ್ತಿದ್ದ. ಇಂದಿನ ಆಟ ಯಂತ್ರವನ್ನು ಬಿಟ್ಟಿಯಾಗಿ ಮನೆಗೆ ತಂದಿದೆ, ಆದರೆ ಪಕ್ಕದ ಮೇಜು ಖಾಲಿಯಾಗಿದೆ. ಫ್ಲೈಟ್‌ಗೇರ್‌ನೊಳಗೆ ಪಾಠಗಳಿಲ್ಲವೆಂದಲ್ಲ. ಇವೆ, ಆದರೆ ಸಹಾಯದ ಪಟ್ಟಿಯೊಳಗೆ ಅಡಗಿವೆ, ಅದೂ ಇಂಗ್ಲಿಷಿನಲ್ಲಿ.

ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿ ಪಡೆಯಲು 200 ಗಂಟೆ ಹಾರಿರಬೇಕು. ಅದರಲ್ಲಿ ಆರಂಭದ ಗಂಟೆಗಳೆಲ್ಲ ಶಿಕ್ಷಕನ ಜೊತೆಯಲ್ಲೇ. ಮನೆಯ ಆಟದ ಗಂಟೆಗಳು ಆ ಲೆಕ್ಕಕ್ಕೆ ಸೇರುವುದಿಲ್ಲ, ನಿಜ. ಆದರೆ ಆಸೆ ಮೊಳೆಯುವುದು ಇಲ್ಲಿಯೇ ಇರಬಹುದು. ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತು. 2021ರಲ್ಲಿ ಚಾಲನಾ ತರಬೇತಿ ಶಾಲೆಗಳಿಗಾಗಿ ದೇಶದಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯ ಜೊತೆಗೆ ಅದೂ ಸೇರಿತು. ಆ ಶಾಲೆಯ ಶುಲ್ಕ ಸಾಮಾನ್ಯ ಮನೆತನಕ್ಕೆ ಎಟುಕದಷ್ಟು ದೊಡ್ಡದು. ವಿಮಾನ ಹೇಗೆ ಹಾರುತ್ತದೆಂಬ ತಿಳಿವಳಿಕೆಗೆ ಮಾತ್ರ ಶುಲ್ಕವಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲ ದಿನ ಎಂಜಿನ್ ಹೊತ್ತಿಸುವ ಗೋಜು ಬೇಡ. ತಾನಾಗಿ ಚಾಲೂ ಮಾಡುವ ಸೌಲಭ್ಯ ಅದರಲ್ಲೇ ಇದೆ. ನೆಲದಿಂದ ಏರುವ ಬದಲು ಆಕಾಶದಲ್ಲೇ ಆಟ ಆರಂಭಿಸಬಹುದು. ಮೊದಲು ನೆಟ್ಟಗೆ ಹಾರಲು ಕಲಿಯಿರಿ, ಆಮೇಲೆ ತಿರುಗಲು, ಕೊನೆಗೆ ಇಳಿಯಲು. ಹಾರಬೇಕಾದ ಪ್ರದೇಶದ ನೆಲದ ಚಿತ್ರವನ್ನು ಮೊದಲೇ ತರಿಸಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಇಬ್ಬರು ಕೂಡಿ ಕುಳಿತುಕೊಳ್ಳಿ. ನಿಜವಾದ ಪೈಲಟರು ಎಲ್ಲವನ್ನೂ ನೆನಪಿಗೇ ಬಿಡುವುದಿಲ್ಲ. ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಒಬ್ಬರು ಓದುತ್ತಾರೆ, ಇನ್ನೊಬ್ಬರು ಮಾಡುತ್ತಾರೆ. ಯಡ್ರಾಮಿಯ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು ಮನಸ್ಸು ಮಾಡಿ, ಇಂಥ ಪಟ್ಟಿಯನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆಸಿ ಗಣಕಯಂತ್ರದ ಪಕ್ಕದ ಗೋಡೆಗೆ ಅಂಟಿಸಿದರೂ ಸಾಕು. ಮುಂದಿನ ಹುಡುಗ, ಮುಂದಿನ ಹುಡುಗಿ ಅಷ್ಟು ಬೇಗ ಎದ್ದು ಹೋಗಲಾರರು.