ನಲವತ್ತನಾಲ್ಕು ತಿಂಗಳ ಲೆಕ್ಕ

ನನಗೆ ಕೊಟ್ಟ ನಿಮಿಷಗಳನ್ನು ಒಂದೇ ವಿಷಯಕ್ಕೆ ಬಳಸುತ್ತೇನೆ: ಹವಾಮಾನ, ಆಹಾರ, ಹೆಂಗಸರ ದುಡಿಮೆ ಕುರಿತ ಸಂಶೋಧನೆಗೆ ಹಣ ಕೊಡುವ ಕ್ರಮ.

ತೆಂಗಿನ ಸುಳಿಯೊಳಗೆ ಹೊಂಬಾಳೆಯ ಕಣ್ಣು ಮೂಡಿದಂದಿನಿಂದ ಕಾಯಿ ಬಲಿಯುವ ತನಕ ಸುಮಾರು 44 ತಿಂಗಳು ಹಿಡಿಯುತ್ತದೆ. ಅದರಲ್ಲಿ ಎರಡೂವರೆ ವರ್ಷ ಅದು ಹೊರಗೆ ಕಾಣುವುದೇ ಇಲ್ಲ. ಹಾಗಾಗಿ ಒಂದು ಮೇ ತಿಂಗಳ ಬರದ ಪೆಟ್ಟು ಮೂರು ವರ್ಷದಾಚೆಯ ಗೊನೆಯಲ್ಲೂ ಇರುತ್ತದೆ. ಯೋಜನೆಗಳಿಗೆ ಹಣ ಮಂಜೂರಾಗುವುದೋ ಹೆಚ್ಚಾಗಿ ಮೂರೇ ವರ್ಷಕ್ಕೆ, ಅಂದರೆ 36 ತಿಂಗಳಿಗೆ. ವರದಿ ಸಲ್ಲಿಸುವ ದಿನ ಉತ್ತರ ಇನ್ನೂ ಮರದಲ್ಲೇ ಇರುತ್ತದೆ. ಮದ್ರಾಸ್ ಸರ್ಕಾರ 1916ರಲ್ಲಿ ಕಾಸರಗೋಡು, ನೀಲೇಶ್ವರಗಳಲ್ಲಿ ತೆಂಗಿನ ಕೇಂದ್ರ ತೆರೆದಾಗಲೂ ಫಲ ಬೇಗ ಸಿಗಲಿಲ್ಲ. 1932ರಲ್ಲಿ ನೀಲೇಶ್ವರದಲ್ಲಿ ಜೆ. ಎಸ್. ಪಟೇಲರು ಎತ್ತರದ ತಳಿಯನ್ನೂ ಗಿಡ್ಡ ತಳಿಯನ್ನೂ ಕೂಡಿಸಿ ಸಂಕರ ತೆಂಗು ಪಡೆದದ್ದು ಕೇಂದ್ರ ತೆರೆದು ಹದಿನಾರು ವರ್ಷದ ಮೇಲೆ. ಕಾಸರಗೋಡಿನ ಇಂದಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ನಿಂತಿರುವುದು ಆ ತಾಳ್ಮೆಯ ಮೇಲೆ.

ಹಸಿದವರು ಇಂದೇ ಇರುವಾಗ ಹದಿನಾರು ವರ್ಷ ಕಾಯುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಇಂದಿನ ಅನ್ನಕ್ಕೆ ಪಡಿತರವಿದೆ. ಬರ ತಾಳುವ ತಳಿಯನ್ನು ಬರ ಬಂದ ಮೇಲೆ ಹುಟ್ಟಿಸಲಾಗದು. ಕಂಪೆನಿಗಳು ಮಾಡಲಿ ಎನ್ನುವವರೂ ಇದ್ದಾರೆ. ರೈತ ತಾನೇ ಉಳಿಸಿಕೊಳ್ಳುವ ಬೀಜದಿಂದ ಕಂಪೆನಿಗೆ ಲಾಭವಿಲ್ಲ, ಅದನ್ನು ಅವರು ಕಾಯಲಾರರು. ಕಾಸರಗೋಡು ಜಿಲ್ಲೆಯ ಬೆಳ್ಳೂರಿನ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಗ್ರೋ ಬ್ಯಾಗುಗಳಲ್ಲಿ ಬೆಳೆಸಿ ಉಳಿಸಿದರು. 2024ರಲ್ಲಿ ಪದ್ಮಶ್ರೀ ಬಂತು, ನಮಗೆಲ್ಲ ಹೆಮ್ಮೆ. ಆದರೆ ನಾಡಿನ ಬೀಜಭಂಡಾರ ಒಬ್ಬರ ಅಂಗಳದ ಮೇಲೆ ನಿಲ್ಲಬಾರದು. ಅದಕ್ಕೆ ಸರ್ಕಾರದ ಹಣ ಬೇಕು, ಬರೀ ಮಾತು ಸಾಲದು. ಆಫ್ರಿಕನ್ ಒಕ್ಕೂಟ 2003ರಲ್ಲಿ ಮಪೂಟೋದಲ್ಲಿ ಸೇರಿ ಬಜೆಟ್ಟಿನ ಹತ್ತರಲ್ಲೊಂದು ಪಾಲನ್ನು ಕೃಷಿಗೆ ಇಡುವುದಾಗಿ ಮಾತು ಕೊಟ್ಟಿತು. ಹೆಚ್ಚಿನ ದೇಶಗಳಿಗೆ ಅದನ್ನು ಉಳಿಸಿಕೊಳ್ಳಲಾಗಲಿಲ್ಲ. ಆಫ್ರಿಕಾ ಖಂಡಕ್ಕೆಂದು ಐವರಿ ಕೋಸ್ಟಿನಲ್ಲಿಟ್ಟ ತೆಂಗಿನ ತಳಿ ಸಂಗ್ರಹಕ್ಕೆ ಮಾರಕ ಹಳದಿ ರೋಗದ ಭಯವಿದೆ. ದಕ್ಷಿಣ ಏಷ್ಯಾದ ಅಂಥದೇ ಸಂಗ್ರಹ ನಮ್ಮ ದಕ್ಷಿಣ ಕನ್ನಡದ ಕಿದುವಿನಲ್ಲಿದೆ. ಅಲ್ಲಿ ಕಳೆದುಹೋದ ತಳಿಯನ್ನು ಇಲ್ಲಿಂದ ಕಳಿಸಬೇಕಾದೀತು, ಇಲ್ಲಿ ಹೋದರೆ ಅಲ್ಲಿಂದ ಬೇಡಬೇಕಾದೀತು.

ಹೆಂಗಸರ ವಿಷಯವನ್ನು ಸಂಶೋಧನೆಯ ಅರ್ಜಿಯ ಕೊನೆಗೆ ಒಂದು ವಾಕ್ಯವಾಗಿ ಸೇರಿಸಿದರೆ ಸಾಲದು. ನಮ್ಮ ಗದ್ದೆಗಳಲ್ಲಿ ಭತ್ತದ ನೇಜಿ ಕಿತ್ತು, ಕಟ್ಟಿ, ಬಗ್ಗಿ ನೆಟ್ಟವರು ಹೆಂಗಸರು. ಯಂತ್ರಕ್ಕೆ ಒಗ್ಗುವ ತಳಿ ಬಂದಾಗ ಇಳುವರಿ ಎಷ್ಟು ಏರಿತು ಎಂದು ಅಳೆಯುತ್ತೇವೆ. ನೆಡುವ ಕೆಲಸ ಹೋದವಳು ಆ ಮಳೆಗಾಲ ಏನು ದುಡಿದಳು ಎಂದು ಬರೆದಿಡುವುದಿಲ್ಲ. ಇಳುವರಿಯ ಪುಸ್ತಕದಲ್ಲೇ ಆ ಕಾಲಮ್ಮೂ ಇರಲಿ. ಅದನ್ನು ತುಂಬುವ ಕೆಲಸಕ್ಕೂ ಸಂಬಳ ಇರಲಿ, ಒಂದು ವರ್ಷಕ್ಕಲ್ಲ, ಕನಿಷ್ಠ ಒಂದು ತೆಂಗಿನ ಸಸಿ ಫಸಲು ಹಿಡಿಯುವಷ್ಟು ಕಾಲ.