ಸಂಬಳ ಎಷ್ಟು ಅಂತ ಕೇಳಬಹುದೇ?



ನಾನು ಓದಿದ್ದು ಎಂಟೆಕ್, ಮಾಡುವುದು ಸಾಫ್ಟ್‌ವೇರ್ ಕೆಲಸ. ಆದರೆ ಇವತ್ತು ಮಾತಾಡುವುದು ಒಬ್ಬ ಅರ್ಥಶಾಸ್ತ್ರಜ್ಞರ ಬಗ್ಗೆ. ಹೆಸರು ಡೇವಿಡ್ ಕಾರ್ಡ್. ಕೆನಡಾದ ಗ್ವೆಲ್ಫ್‌ನಲ್ಲಿ 1956ರಲ್ಲಿ ಹುಟ್ಟಿ, ಹಸು ಸಾಕುವ ಮನೆಯಲ್ಲಿ ಬೆಳೆದವರು. ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರು. 2021ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಅವರದು.

ಅವರ ಹೆಸರು ಮೊದಲು ದೊಡ್ಡದಾಗಿ ಕೇಳಿಬಂದದ್ದು ವಲಸೆಯ ವಿಷಯದಲ್ಲಿ. 1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ಮಯಾಮಿ ನಗರದ ದುಡಿಯುವವರ ಸಂಖ್ಯೆ ಕೆಲವೇ ತಿಂಗಳಲ್ಲಿ ಶೇಕಡಾ 7ರಷ್ಟು ಏರಿತು. ಸ್ಥಳೀಯರ ಕೂಲಿ ಬಿದ್ದುಹೋಗಬೇಕಿತ್ತಲ್ಲವೇ? ಮಯಾಮಿಯನ್ನು ಬೇರೆ ನಗರಗಳ ಜೊತೆ ಹೋಲಿಸಿ ನೋಡಿದರೆ ಹಾಗೇನೂ ಆಗಿರಲಿಲ್ಲ ಎಂದು ಕಾರ್ಡ್ 1990ರಲ್ಲಿ ಬರೆದರು. ಸ್ವತಃ ಕ್ಯೂಬಾದಲ್ಲಿ ಹುಟ್ಟಿದ ಜಾರ್ಜ್ ಬೋರ್ಹಾಸ್ ಎಂಬ ಅರ್ಥಶಾಸ್ತ್ರಜ್ಞರು ಮುಂದೆ ಇದನ್ನು ಒಪ್ಪಲಿಲ್ಲ, ಕಡಿಮೆ ಓದಿದವರ ಕೂಲಿ ಕುಸಿದಿತ್ತು ಎಂದರು. ಜಗಳ ಇನ್ನೂ ಮುಗಿದಿಲ್ಲ. 'ದಕ್ಷಿಣದವರು ನಮ್ಮ ಕೆಲಸ ಕಸಿಯುತ್ತಾರೆ' ಎಂಬ ಕೂಗನ್ನು 1960ರ ದಶಕದಲ್ಲಿ ಇದೇ ಮುಂಬೈಯಲ್ಲಿ ಕೇಳಿಸಿಕೊಂಡ ಹಿರಿಯರು ಇಲ್ಲಿದ್ದೀರಿ. ಈ ಲೆಕ್ಕಾಚಾರ ಯಾಕೆ ಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನನಗೆ ಹೆಚ್ಚು ನಾಟಿದ್ದು ಅವರ ಎರಡು ನಂತರದ ಕೆಲಸಗಳು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸರಕಾರದ್ದು, ನೌಕರರ ಸಂಬಳ ಒಂದು ಪತ್ರಿಕೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡುವಂತಿತ್ತು. ಕಾರ್ಡ್ ಮತ್ತು ಸಂಗಡಿಗರು ಕೆಲವು ನೌಕರರನ್ನು ಆರಿಸಿ 'ಇಂಥದ್ದೊಂದು ವೆಬ್‌ಸೈಟ್ ಇದೆ' ಎಂದಷ್ಟೇ ಇಮೇಲ್ ಹಾಕಿದರು. ಆಮೇಲೆ ವಿಚಾರಿಸಿದಾಗ, ತಮ್ಮ ವಿಭಾಗದಲ್ಲಿ ಕಡಿಮೆ ಸಂಬಳದ ಸಾಲಿನಲ್ಲಿದ್ದವರಿಗೆ ಬೇಸರ ಹೆಚ್ಚಿತ್ತು, ಬೇರೆ ಕೆಲಸ ಹುಡುಕುವ ಮನಸ್ಸಾಗಿತ್ತು. ಹೆಚ್ಚು ಪಡೆಯುವವರಿಗೆ ಅದರಿಂದ ವಿಶೇಷ ಸಂತೋಷವೇನೂ ಆಗಿರಲಿಲ್ಲ! ನಮ್ಮ ಕಡೆ ಅಪ್ರೈಸಲ್ ಆದಮೇಲೆ 'ಯಾರಿಗೂ ಹೇಳಬೇಡಿ' ಅಂತ ಹೇಳಿ ಕಳಿಸುತ್ತಾರಲ್ಲ, ಆ ಗುಟ್ಟಿನಿಂದ ಯಾರಿಗೆ ಲಾಭ ಅಂತ ಇದನ್ನು ಓದಿದಾಗ ಹೊಳೆಯಿತು.

ಇನ್ನೊಂದು ಪೋರ್ಚುಗಲ್‌ನದು, 2016ರಲ್ಲಿ ಬಂದದ್ದು. ಆನಾ ರುತ್ ಕಾರ್ಡೋಸೊ ಮತ್ತು ಪ್ಯಾಟ್ರಿಕ್ ಕ್ಲೈನ್ ಜೊತೆ ಮಾಡಿದ್ದು. ಚೆನ್ನಾಗಿ ನಡೆಯುವ ಕಂಪನಿ ತನ್ನವರಿಗೆ ಸ್ವಲ್ಪ ಹೆಚ್ಚೇ ಕೊಡುತ್ತದೆ. ಆ ಹೆಚ್ಚುವರಿಯಲ್ಲಿ ಗಂಡಸರಿಗೆ 100 ಸಿಕ್ಕರೆ ಹೆಂಗಸರಿಗೆ ಸಿಗುತ್ತಿದ್ದದ್ದು ಸುಮಾರು 90. ಜೊತೆಗೆ, ಅಂಥ ಕಂಪನಿಗಳಲ್ಲಿ ಹೆಂಗಸರು ಇರುವುದೇ ಕಡಿಮೆ. ಸಂಬಳದ ಒಟ್ಟು ಅಂತರದಲ್ಲಿ ಐದನೇ ಒಂದು ಪಾಲಿಗೆ ಇವೆರಡೇ ಕಾರಣ. ಅಂದರೆ ನಿಮ್ಮ ಡಿಗ್ರಿ, ಅನುಭವ ಎಲ್ಲ ಸರಿ, ಎಲ್ಲಿ ಸೇರುತ್ತೀರಿ, ಸೇರುವಾಗ ಎಷ್ಟು ಕೇಳುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 'ಮನೆಗೆ ಹತ್ತಿರ, ಇಷ್ಟು ಸಾಕು ಬಿಡು' ಅಂತ ಒಪ್ಪಿಕೊಂಡ ಗೆಳತಿಯರು ನನಗೆ ಬಹಳ ಜನ ಇದ್ದಾರೆ. ಅವರಲ್ಲಿ ಜಾಣತನಕ್ಕೇನೂ ಕೊರತೆಯಿಲ್ಲ.

ಹಾಗಾಗಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ, ಅದೇ ಕೆಲಸದಲ್ಲಿರುವ ಮೂವರನ್ನು 'ನಿಮಗೆಷ್ಟು ಕೊಡುತ್ತಾರೆ' ಅಂತ ಕೇಳಿ. ಮೂವರಲ್ಲಿ ಒಬ್ಬರಾದರೂ ಗಂಡಸಾಗಿರಲಿ. ಕೇಳಲು ಸಂಕೋಚವಾದರೆ ಚಹಾದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ನನ್ನದನ್ನು ಹೇಳುತ್ತೇನೆ.